ಪಕ್ಕದಲ್ಲಿ ಕಟ್ಟುವ ಅಂಗಿ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಎರಡು ಆಪರೇಷನ್ ಮುಂದಕ್ಕೆ ಹಾಕಿ ಬಂದಿರುವ ಮುಖ್ಯ ಅತಿಥಿ ದೊಡ್ಡ ಡಾಕ್ಟರೇ, ದಾದಿಯರೇ, ವಾರ್ಡಿನ ಆಯಾಗಳೇ, ಲಾಂಡ್ರಿಯ ಅಣ್ಣಂದಿರೇ, ಹಿಂದಿನ ಸಾಲಿನಲ್ಲಿ ಬಾಗಿಲಿಗೆ ಹತ್ತಿರವಾಗಿ ಕೂತಿರುವ ನನ್ನ ಹೊಲಿಗೆ ಕೋಣೆಯವರೇ, ಉಳಿದೆಲ್ಲ ಸಭಿಕರೇ,

ಮೂವತ್ತೊಂದು ವರ್ಷ ಈ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತವಳು ನಾನು. ನನಗೆ ಭಾಷಣ ಬರುವುದಿಲ್ಲ. ಭಾಷಣ ಬರುವುದಿಲ್ಲ ಎಂದವರೇ ಒಂದು ಗಂಟೆ ಕೊರೆಯುತ್ತಾರೆ ಎಂಬುದನ್ನೂ ಇದೇ ಸಭಾಂಗಣದಲ್ಲಿ ಕೂತು ಕಲಿತಿದ್ದೇನೆ. ಹೆದರಬೇಡಿ, ಬೇಗ ಮುಗಿಸುತ್ತೇನೆ.

ನಿವೃತ್ತಿಯ ದಿನ ಹೊಸ ಸಿಬ್ಬಂದಿಗೆ 'ದಿನನಿತ್ಯದ ಕೆಲಸದಲ್ಲಿ ಸೃಜನಶೀಲತೆ' ಎಂಬ ವಿಷಯದ ಮೇಲೆ ನಾಲ್ಕು ಮಾತು ಹೇಳಬೇಕೆಂದು ಅಪ್ಪಣೆಯಾಗಿದೆ. ಕಚೇರಿಯವರು ಟೈಪ್ ಮಾಡಿಯೂ ಕೊಟ್ಟರು. ಓದಿದೆ. ಬಹಳ ಚೆನ್ನಾಗಿದೆ. ಅದರಲ್ಲಿರುವ ಹೆಂಗಸು ಯಾರೆಂದು ಮಾತ್ರ ನನಗೆ ಗೊತ್ತಾಗಲಿಲ್ಲ. ಮಡಚಿ ಚೀಲದಲ್ಲಿಟ್ಟಿದ್ದೇನೆ.

ಸೃಜನಶೀಲತೆ ಎಂದರೇನು? ಅದು ಆಕಾಶದಿಂದ ಇಳಿದು ಬರುತ್ತದೆಯೇ? ನಮ್ಮ ಕೋಣೆಯಿಂದ ಆಕಾಶ ಕಾಣುವುದಿಲ್ಲ. ಕಿಟಕಿ ನೆಲದ ಮಟ್ಟಕ್ಕಿದೆ, ಕಾಣುವುದು ಹೋಗಿಬರುವವರ ಕಾಲು. ಹಾಗಾದರೆ ಅದು ನಮಗೆ ಎಲ್ಲಿಂದ ಬರಬೇಕು? ಒಂದು ಉದಾಹರಣೆ ಹೇಳುತ್ತೇನೆ. ದಿಂಬಿನ ಕವರುಗಳು ಯಾವಾಗಲೂ ಒಂದೇ ಮೂಲೆಯಲ್ಲಿ ಹರಿದು ಬರುತ್ತಿದ್ದವು. ಹತ್ತು ವರ್ಷ ಆ ಮೂಲೆಯನ್ನೇ ಹೊಲಿದೆವು. ಒಂದು ದಿನ ವಾರ್ಡಿಗೆ ಹೋಗಿ ನೋಡಿದರೆ, ಆಯಾಗಳು ಆ ಮೂಲೆ ಹಿಡಿದೇ ಕವರು ಎಳೆಯುತ್ತಾರೆ. ಅಲ್ಲೊಂದು ಪಟ್ಟಿ ಹೊಲಿದುಕೊಟ್ಟೆವು, ಎಳೆಯುವುದಿದ್ದರೆ ಇದನ್ನು ಹಿಡಿದು ಎಳೀರಪ್ಪ ಅಂತ. ಹರಿಯುವುದು ನಿಂತಿತು. ಹೋಗಿ ನೋಡಿದವಳು ನಾನಲ್ಲ, ನನ್ನ ನಾದಿನಿ.

ನಾದಿನಿ ಅಂದರೆ ನಮ್ಮ ಯಜಮಾನರ ತಂಗಿ. ಇಪ್ಪತ್ತಾರು ವರ್ಷದಿಂದ ಅದೇ ಕೋಣೆಯಲ್ಲಿ ಅವಳು ಬಟ್ಟೆ ಕತ್ತರಿಸುತ್ತಾಳೆ, ನಾನು ಹೊಲಿಯುತ್ತೇನೆ. ಮನೆ ಒಂದೇ, ಮೇಜು ಒಂದೇ, ಊಟದ ಡಬ್ಬಿಯೂ ಒಂದೇ. ಸೋಮವಾರದಿಂದ ಕೋಣೆಯ ಮುಖ್ಯಸ್ಥೆಯಾಗಿ ಅವಳೇ ನನ್ನ ಜಾಗಕ್ಕೆ ಬರುತ್ತಾಳೆ ಅಂದುಕೊಂಡಿದ್ದೆವು. ಈಗ ನೋಡಿದರೆ ಹೊರಗಿನಿಂದ ಯಾರನ್ನೋ ತರುತ್ತಾರಂತೆ. ಅವಳ ಕಡತದಲ್ಲಿ 'ಹೇಳಿದ್ದನ್ನು ಅಚ್ಚುಕಟ್ಟಾಗಿ ಮಾಡುತ್ತಾರೆ, ಸ್ವಂತ ಆಲೋಚನೆ ಇಲ್ಲ' ಎಂದಿದೆಯಂತೆ. ಅಧ್ಯಕ್ಷರ ಸಹಿಯೊಂದು ಬಾಕಿಯಂತೆ. ನನಗೆ ಇದನ್ನು ಹೇಳಿದ ಗುಮಾಸ್ತರು ಯಾರೆಂದು ಕೇಳಬೇಡಿ. ಮೂರನೇ ಸಾಲಿನಲ್ಲಿ ತಲೆ ತಗ್ಗಿಸಿ ಕೂತವರಂತೂ ಅಲ್ಲ.

ಹೋಗಲಿ ಬಿಡಿ, ವಿಷಯಕ್ಕೆ ಬರುತ್ತೇನೆ. ಈ ಮೈಕ್ ನನ್ನ ಕೈಗೆ ಬಂದದ್ದೇ ಒಂದು ಅಂಗಿಯಿಂದ. ಹಳಬರಿಗೆ ನೆನಪಿರಬೇಕು, ಮೊದಲು ರೋಗಿಗಳ ಅಂಗಿ ಬೆನ್ನ ಹಿಂದೆ ಕಟ್ಟುವಂಥದ್ದು. ಕುತ್ತಿಗೆಗೊಂದು ಲಾಡಿ, ಸೊಂಟಕ್ಕೊಂದು ಲಾಡಿ, ನಡುವೆ ದೇವರೇ ಗತಿ. ಮಲಗಿದ್ದರೆ ಸರಿ, ಎದ್ದು ನಡೆದರೆ ಮಾನ ಬೀದಿಪಾಲು. ಹನ್ನೆರಡು ವರ್ಷದ ಹಿಂದೆ ನಮ್ಮ ಕೋಣೆಯಿಂದ ಹೊಸ ಅಂಗಿ ಬಂತು. ಹಿಂದಿನ ಒಂದು ಭಾಗ ಇನ್ನೊಂದರ ಮೇಲೆ ಸುತ್ತಿ ಬಂದು, ಲಾಡಿ ಪಕ್ಕದಲ್ಲಿ ಕೈಗೆ ಸಿಗುತ್ತದೆ. ಆ ವರ್ಷ ನನಗೆ 'ಉತ್ತಮ ಆಲೋಚನೆ' ಪ್ರಶಸ್ತಿ ಬಂತು. ಕಟ್ಟು ಹಾಕಿಸಿದ ಆ ಪತ್ರ ಇವತ್ತಿಗೂ ನನ್ನ ಯಂತ್ರದ ಮೇಲಿನ ಗೋಡೆಯಲ್ಲಿದೆ.

ಆ ವರ್ಷವೇ ನಮ್ಮ ಅತ್ತೆ ಹೊಟ್ಟೆಯ ಆಪರೇಷನ್ ಆಗಿ, ಗಾಯ ಮಾಗದೆ ತಿಂಗಳುಗಟ್ಟಲೆ ಇದೇ ಆಸ್ಪತ್ರೆಯಲ್ಲಿದ್ದರು. ಡಾಕ್ಟರು ದಿನಾ "ನಡೀಬೇಕಮ್ಮ, ನಡೀದಿದ್ರೆ ಗುಣ ಆಗಲ್ಲ" ಅನ್ನುತ್ತಿದ್ದರು. ಅತ್ತೆ ಮಂಚ ಬಿಟ್ಟು ಇಳಿಯರು. "ಎಪ್ಪತ್ತು ವರ್ಷ ಮೈಮುಚ್ಚಿಕೊಂಡು ಬಾಳಿದೀನಿ. ಈಗ ಊರವರಿಗೆಲ್ಲ ಬೆನ್ನು ತೋರಿಸಿಕೊಂಡು ಓಡಾಡಬೇಕಾ?" ಎಂದು ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದರು. ಆ ಅಂಗಿ ಹೊಲಿದವಳು ನಾನು! ಆದರೂ ನನಗೇನೂ ಹೊಳೆಯಲಿಲ್ಲ. ವಯಸ್ಸಾದವರ ಹಟ ಅಂದುಕೊಂಡೆ. ನಾದಿನಿ ಮಾತ್ರ ಮಾರನೆಯ ದಿನ ಮೇಜಿನ ಮುಂದೆ ನಿಂತು, "ಅತ್ತಿಗೆ, ಹಿಂದಿನ ಭಾಗ ಒಂದು ಗೇಣು ಅಗಲ ಮಾಡಿ ಪಕ್ಕಕ್ಕೆ ಕಟ್ಟೋ ಹಾಗೆ ಮಾಡೋಣ್ವಾ?" ಅಂದಳು.

ನಾನೇನಂದೆ ಗೊತ್ತೇ? "ನೀನು ಕತ್ತರಿಸು, ನಾನು ಹೊಲೀತೀನಿ. ಯೋಚನೆ ಮಾಡೋಕೆ ಮೇಲಿನವರಿದ್ದಾರೆ. ನಮಗ್ಯಾಕೆ ಊರ ಉಸಾಬರಿ?"

ಅವಳು ಮಾತು ಬಿಟ್ಟಳು. ಒಂದು ದಿನವಲ್ಲ, ಎರಡು ದಿನವಲ್ಲ, ನಾಲ್ಕು ತಿಂಗಳು. ಒಂದೇ ಡಬ್ಬಿಯಲ್ಲಿ ಊಟ, ಮಾತಿಲ್ಲ. ಕತ್ತರಿ ಬೇಕಾದರೆ ನಾನು, "ಇಸ್ತ್ರಿಯಣ್ಣ, ಅವರಿಗೆ ಕತ್ತರಿ ಕೊಡೋಕೆ ಹೇಳಿ" ಅನ್ನುತ್ತಿದ್ದೆ. ಇಸ್ತ್ರಿಯಣ್ಣನಿಗೆ ಇಸ್ತ್ರಿಗಿಂತ ಈ ಕೆಲಸವೇ ಹೆಚ್ಚಾಯಿತು. ಅಲ್ಲಿ ನಗುತ್ತಿದ್ದಾರೆ ನೋಡಿ, ಆಗ ಅಳುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಅವಳ ಕಡೆಯಿಂದ ಅರವತ್ತು ಅಂಗಿಯ ಬಟ್ಟೆ ಬಂತು. ಹಿಂದಿನ ಭಾಗ ಒಂದು ಗೇಣು ಅಗಲ. ಲಾಡಿಯ ಗುರುತು ಪಕ್ಕಕ್ಕೆ. ನಾನು ನೋಡಿದೆ. ಸುಮ್ಮನೆ ಹೊಲಿದೆ. ಯಾಕೆ? ಒಳ್ಳೆಯದಾಗಲಿ ಎಂದಲ್ಲ ಸ್ವಾಮಿ. ಬಟ್ಟೆ ದಂಡ ಮಾಡಿದ್ದಕ್ಕೆ ಉಗ್ರಾಣದ ಅಧಿಕಾರಿ ಅವಳನ್ನು ಎಲ್ಲರೆದುರು ಬೈಯಲಿ, ಸೊಕ್ಕು ಇಳಿಯಲಿ ಎಂದು ಹೊಲಿದೆ. ಅಷ್ಟು ಅಚ್ಚುಕಟ್ಟಾಗಿ ನಾನು ನನ್ನ ಜನ್ಮದಲ್ಲಿ ಹೊಲಿದಿರಲಿಲ್ಲ.

ಉಗ್ರಾಣದವರು ಬಂದು ಅಳೆದರು. ಒಂದು ಇಂಚೂ ಹೆಚ್ಚು ಬಟ್ಟೆ ಹೋಗಿರಲಿಲ್ಲ. ಒಂದು ತುಂಡಿನ ಅಗಲದ ಕಡೆಗೆ ಇನ್ನೊಂದರ ಕಿರಿದಾದ ಕಡೆ ಬರುವಂತೆ ತಲೆಕೆಳಗಾಗಿ ಜೋಡಿಸಿ ಕತ್ತರಿಸಿದ್ದಳು. ಹಳೇ ಕಾಗದಗಳ ಮೇಲೆ ಎಷ್ಟು ಸಲ ಬರೆದು ನೋಡಿದ್ದಳೋ ಏನೋ. ಮೂರನೇ ದಿನ ಹಿರಿಯ ದಾದಿ ನೆಲಮಾಳಿಗೆಗೇ ಇಳಿದು ಬಂದರು. ರೋಗಿಗಳು ತಾವಾಗಿಯೇ ಎದ್ದು ನಡೆಯುತ್ತಿದ್ದಾರೆ, ಇದು ಯಾರ ಯೋಚನೆ, ಎಂದು ಕೇಳಿದರು. ನಾದಿನಿ ನನ್ನ ಮುಖ ನೋಡಿದಳು. ನಾನು "ನಮ್ಮದು" ಅನ್ನಲು ಹೋದೆ. ಬಾಯಲ್ಲಿ ಬಂದದ್ದು "ನನ್ನದು."

ಮನೆಯಿಂದ ಹೊರಡುವಾಗ ಇದನ್ನು ಹೇಳಬೇಕೆಂದಿರಲಿಲ್ಲ. ಆಡಿದ ಮಾತನ್ನು ನುಂಗುವುದಕ್ಕಾಗುವುದಿಲ್ಲ, ಇನ್ನು ಮುಗಿಸಿಯೇ ಬಿಡುತ್ತೇನೆ.

ಅವತ್ತು ಮಧ್ಯಾಹ್ನ ಅವಳು ಡಬ್ಬಿ ಬಿಚ್ಚಿ, "ಅತ್ತಿಗೆ, ಬನ್ನಿ, ಊಟ ಆರಿಹೋಗುತ್ತೆ" ಅಂದಳು. ನಾಲ್ಕು ತಿಂಗಳ ಮೇಲೆ ಅವಳಾಡಿದ ಮೊದಲ ಮಾತು. ಅವಳ ಅಮ್ಮ ಹಿಂದಿನ ದಿನ ಆ ಅಂಗಿ ಹಾಕಿಕೊಂಡು ಕಾರಿಡಾರಿನ ಕೊನೆಯವರೆಗೆ ನಡೆದಿದ್ದರು. ಅವಳಿಗೆ ಅಷ್ಟು ಸಾಕಾಗಿತ್ತು. ಅಂಗಿಯ ವಿಷಯವನ್ನು ಅಂದಿನಿಂದ ಇಂದಿನವರೆಗೆ ಅವಳು ಎತ್ತಿಲ್ಲ. ಒಮ್ಮೆ ಜಗಳವಾಡಿದ್ದರೆ ನನಗೆಷ್ಟೋ ಹಗುರಾಗುತ್ತಿತ್ತು.

ಇನ್ನು ಕಡತದ ಆ ಸಾಲು. ಪ್ರತಿ ವರ್ಷ ಸಿಬ್ಬಂದಿಯ ವರದಿ ಬರೆಯುವುದು ಆಯಾ ಕೋಣೆಯ ಮುಖ್ಯಸ್ಥರ ಕೆಲಸ. ನಮ್ಮ ಕೋಣೆಯ ಮುಖ್ಯಸ್ಥೆ ನಾನು. 'ಸ್ವಂತ ಆಲೋಚನೆ ಇಲ್ಲ' ಎಂದು ಹನ್ನೆರಡು ವರ್ಷ ಬರೆದದ್ದು ಈ ಕೈ. ಅವಳಿಗೆ ಆಲೋಚನೆ ಇದೆ ಎಂದು ಬರೆದರೆ, ಅಂಗಿ ಯಾರದು ಎಂದು ಯಾರಾದರೂ ಕೇಳಿಯಾರು ಎಂಬ ಭಯ. ಅವಳಿಗೆ ಇದು ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ನನಗೆ ನಾಚಿಕೆಯಾಗುತ್ತಿದೆ, ನಾಚಿಕೆಯಾಗಲೇಬೇಕು.

ಹೊಸ ಮಕ್ಕಳೇ, ಸೃಜನಶೀಲತೆ ಬೆಳೆಸಿಕೊಳ್ಳುವುದು ಹೇಗೆಂದು ನಿಮಗೆ ಹೇಳಬೇಕಿತ್ತು. ನೀವು ಮಾಡಿದ್ದನ್ನು ಬಳಸುವವರ ಹತ್ತಿರ ಹೋಗಿ ನೋಡಿ. ಪಕ್ಕದವರು ಏನಾದರೂ ಹೇಳಿದರೆ 'ನಮಗ್ಯಾಕೆ' ಅನ್ನಬೇಡಿ. ನನಗೆ ಗೊತ್ತಿರುವುದು ಇಷ್ಟೇ, ಇದೂ ಅವಳನ್ನು ನೋಡಿ ಕಲಿತದ್ದು.

ಅಧ್ಯಕ್ಷರೇ, ಈ ವರ್ಷದ ವರದಿಯ ಫಾರಂ ಇನ್ನೂ ನನ್ನ ಬಳಿಯೇ ಇದೆ, ಹೋಗುವ ಮೊದಲು ತುಂಬಿ ಕೊಡಿ ಎಂದು ಕಚೇರಿಯವರು ಬೆಳಿಗ್ಗೆ ಕೊಟ್ಟರು. ಐದು ಗಂಟೆಯವರೆಗೆ ಮುಖ್ಯಸ್ಥೆ ನಾನೇ. ಗಡಿಯಾರದಲ್ಲಿ ನಾಲ್ಕೂಮುಕ್ಕಾಲು. ನಿಮ್ಮ ಪೆನ್ನು ಒಂದು ನಿಮಿಷ ಕೊಡುತ್ತೀರಾ? ಉಪಕಾರವಾಯಿತು. 'ಸ್ವಂತ ಆಲೋಚನೆ' ಎಂಬಲ್ಲಿ ಬರೆಯುತ್ತಿದ್ದೇನೆ, ಎಲ್ಲರೂ ಕೇಳಿಸಿಕೊಳ್ಳಿ: 'ಪಕ್ಕದಲ್ಲಿ ಕಟ್ಟುವ ಅಂಗಿ ಇವರದು. ಹಿಂದಿನ ಹನ್ನೆರಡು ವರದಿಗಳು ಸುಳ್ಳು.' ಸಹಿ ಹಾಕಿದ್ದೇನೆ. ತೆಗೆದುಕೊಳ್ಳಿ. ಸೋಮವಾರದ ಕಾಗದಕ್ಕೆ ಸಹಿ ಮಾಡುವ ಮೊದಲು ಇದನ್ನೊಮ್ಮೆ ಓದಿ.

ತಂಗೀ, ಎದ್ದು ಬಾಗಿಲ ಹತ್ತಿರ ಹೋಗಬೇಡ, ನನಗೆ ಕಾಣುತ್ತದೆ. ಮನೆಗೆ ಹೋದ ಮೇಲೆ ಎಷ್ಟು ಬೇಕಾದರೂ ಬೈ, ಕೂತು ಕೇಳುತ್ತೇನೆ. ಮಾತು ಮಾತ್ರ ಬಿಡಬೇಡ. ಇನ್ನು ನಮ್ಮಿಬ್ಬರ ನಡುವೆ ಮಾತು ಸಾಗಿಸಲು ಇಸ್ತ್ರಿಯಣ್ಣನೂ ಇರುವುದಿಲ್ಲ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ನನ್ನ ಧನ್ಯವಾದ. ನಮಸ್ಕಾರ.