ಸುಳ್ಳು ಲೋಡು

ಅಧ್ಯಕ್ಷರೇ, ಫಲಕ ಕೊಡಲು ದೂರದಿಂದ ಬಂದಿರುವ ಅತಿಥಿಗಳೇ, ನಮ್ಮ ನಿರ್ದೇಶಕರೇ, ಹಿಂದೆ ಗೋಡೆಗೊರಗಿ ನಿಂತಿರುವ ನನ್ನ ಪಾಳಿಯ ಗೆಳೆಯರೇ, ಕುರ್ಚಿ ಸಿಕ್ಕಿರುವ ಉಳಿದ ಸಭಿಕರೇ,

ವರ್ಷವಿಡೀ ಸರ್ವರ್ ಕೋಣೆಯಲ್ಲಿ ಒಂದು ಕ್ಷಣವೂ ಕರೆಂಟ್ ಹೋಗಲಿಲ್ಲವೆಂದು ನಮ್ಮ ಡೇಟಾ ಕೇಂದ್ರಕ್ಕೆ ಪ್ರಶಸ್ತಿ ಬಂದಿದೆ. ಕೆಲಸಗಾರರ ಪರವಾಗಿ ಅದನ್ನು ತೆಗೆದುಕೊಂಡು ನಾಲ್ಕು ಮಾತಾಡು ಎಂದರು. ನಾಲ್ಕೇ ಎಂದು ಒತ್ತಿ ಹೇಳಿದರು. ನನ್ನನ್ನು ಬಲ್ಲವರು! ಗೇಟಿನ ಮುಂದೆ ಘೋಷಣೆ ಕೂಗಿ ಕೂಗಿ ಒಡೆದ ಗಂಟಲು ಇದು. ಹೆದರಬೇಡಿ. ಇವತ್ತು ಕೂಗುವಷ್ಟು ಕಸುವಿಲ್ಲ. ದಣಿದಿದ್ದೇನೆ.

ಅತಿಥಿಗಳು ಸರ್ವರ್ ಕೋಣೆಯನ್ನು ನೋಡಿ ಬಂದರು. ಚೊಕ್ಕಟವಾಗಿದೆ ಎಂದರು. ಇರದೆ ಏನು? ಅಲ್ಲಿ ಸೆಕೆಯಾಗಬಾರದು, ಥಂಡಿಯಾಗಬಾರದು, ಧೂಳು ಕೂರಬಾರದು. ಮನೆಗೆ ಬಂದ ಹೊಸ ಅಳಿಯನಿಗೂ ಅಷ್ಟು ಉಪಚಾರ ನಡೆಯುವುದಿಲ್ಲ. ಊರಿನ ಆಸ್ಪತ್ರೆಗಳ ಕಾಗದ, ಚಿತ್ರ, ವರದಿ ಎಲ್ಲ ಅಲ್ಲಿವೆ. ಹೊರಗಿನ ಕರೆಂಟ್ ಹೋದರೆ ಬ್ಯಾಟರಿ ಹಿಡಿಯುತ್ತದೆ. ಬ್ಯಾಟರಿ ಸೋಲುವ ಮುಂಚೆ ಜನರೇಟರ್ ಹಿಡಿಯುತ್ತದೆ. ಜನರೇಟರ್ ಪಕ್ಕದಲ್ಲಿ ನಾನು ನಿಂತಿರಬೇಕು. ಅದು ನಿಯಮ. ಕರೆಂಟ್ ಹೋದ ಕೂಡಲೇ, ಪಾಳಿ ಇರಲಿ ಬಿಡಲಿ, ಎಲ್ಲಿದ್ದರೂ ಓಡಿ ಬರಬೇಕು. ಓಡಿ ಬಂದಿದ್ದೇನೆ. ಒಮ್ಮೆ ಮುಖಕ್ಕೆ ಸೋಪು ಹಚ್ಚಿಕೊಂಡೇ ಬಂದೆ. ಕಾವಲುಗಾರ ಗುರುತು ಹಿಡಿಯದೆ ಗೇಟಿನಲ್ಲೇ ತಡೆದಿದ್ದ. ನಗಿ, ನಗಿ, ಅವನೂ ಇಲ್ಲೇ ಇದ್ದಾನೆ.

ಆದರೆ ಎಲ್ಲಿಂದ ಓಡಿ ಬರುತ್ತೇನೆ? ಅದನ್ನು ಯಾರೂ ಕೇಳಲಿಲ್ಲ.

ಕಾಂಪೌಂಡಿನ ಹಿಂದೆ ನಮ್ಮ ವಸತಿ ಸಾಲು ಇದೆ. ಅದರ ಕೊನೆಯ ಮನೆಯಲ್ಲಿ ನನ್ನ ಅಕ್ಕ ಮಲಗಿದ್ದಾಳೆ. ಒಡಹುಟ್ಟಿದವಳು, ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು, ಈ ಕೆಲಸಕ್ಕೆ ಕೈಹಿಡಿದು ಕರೆತಂದವಳು. ಹಳೆಯ ಬ್ಯಾಟರಿ ಕೋಣೆಯಲ್ಲಿ ಮುಚ್ಚಳ ತೆಗೆದು ನೀರು ತುಂಬುವ ಕೆಲಸ ಅವಳದು. ಗಾಳಿ ಆಡಲು ಫ್ಯಾನ್ ಹಾಕಿಸಿ ಅಂತ ಕೇಳಿದ್ದಳು. ಸರ್ವರ್‌ಗಳಿಗೆ ತಂಪು ಬಂತು, ಅವಳಿಗೆ ಫ್ಯಾನ್ ಬರಲಿಲ್ಲ. ಆಸಿಡ್ ಹೊಗೆ ಕುಡಿದು ಕುಡಿದು ಎದೆ ಸುಟ್ಟುಹೋಯಿತು. ಈಗ ಅವಳಿಗೆ ಉಸಿರು ಕೊಡುವುದು ಹಾಸಿಗೆ ಪಕ್ಕದ ಒಂದು ಯಂತ್ರ. ಅದಕ್ಕೆ ಕರೆಂಟ್ ಬೇಕು.

ಈಗ ಹೇಳಿ. ಕರೆಂಟ್ ಹೋದಾಗ ನಾನು ಎತ್ತ ಓಡಲಿ?

ಯಂತ್ರ ನಿಂತ ತಕ್ಷಣ ಅಕ್ಕನ ಮೂಗಿನ ನಳಿಗೆಯನ್ನು ಚಿಕ್ಕ ಆಕ್ಸಿಜನ್ ಸಿಲಿಂಡರಿಗೆ ಬದಲಾಯಿಸಬೇಕು. ನನ್ನ ಹೆಂಡತಿ ಇದ್ದರೆ ಅವಳು ಮಾಡುತ್ತಾಳೆ, ಇಲ್ಲದಿದ್ದರೆ ಪಕ್ಕದ ಮನೆ ದರ್ಜಿ ಹೊಲಿಗೆ ಬಿಟ್ಟು ಬರುತ್ತಾನೆ. ನಾನು ಮಾತ್ರ ಇರುವುದಿಲ್ಲ. ಅಕ್ಕ ಗದರುತ್ತಾಳೆ, "ನನ್ನ ಮುಖ ಏನ್ ನೋಡ್ತೀಯ? ಹೋಗೋ, ಕೆಲಸ ಕಳ್ಕೊಂಡ್ರೆ ಇಬ್ರೂ ಸಾಯ್ತೀವಿ." ನಾನು ಹೋಗುತ್ತೇನೆ. ಮರಳಿ ಬರುವಾಗ ಆ ಯಂತ್ರದ ಸದ್ದು ಕೇಳಿಸೀತೇ ಎಂದು ಬಾಗಿಲಾಚೆಯೇ ನಿಲ್ಲುತ್ತೇನೆ. ಒಂದೊಂದು ಸಲ, ಕೇಳಿಸದಿದ್ದರೇ ವಾಸಿ ಎಂದು... ಬಿಡಿ. ಅದು ಸಭೆಯಲ್ಲಿ ಆಡುವ ಮಾತಲ್ಲ.

ಫಲಕದ ವಿಷಯಕ್ಕೆ ಬರುತ್ತೇನೆ. ಜನರೇಟರ್ ಪಕ್ಕದಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಇದೆ. ಅತಿಥಿಗಳಿಗೆ ಯಾರೂ ತೋರಿಸಿರಲಾರರು. ಇನ್ನೊಂದಿಷ್ಟು ಸರ್ವರ್ ಬರುತ್ತವೆಂದು ಜನರೇಟರನ್ನು ಎರಡು ಪಟ್ಟು ದೊಡ್ಡದು ತಂದರು. ಸರ್ವರ್ ಬರಲಿಲ್ಲ. ದೊಡ್ಡ ಜನರೇಟರಿಗೆ ಕಡಿಮೆ ಕೆಲಸ ಕೊಟ್ಟರೆ ಅದು ಕೆಡುತ್ತದೆ, ಡೀಸೆಲ್ ಪೂರ್ತಿ ಉರಿಯದೆ ಒಳಗೆ ಮಸಿ ಕಟ್ಟುತ್ತದೆ. ಹಾಗಾಗಿ ಅದಕ್ಕೆ ಸುಳ್ಳು ಲೋಡು ಕೊಡುತ್ತೇವೆ. ಪೆಟ್ಟಿಗೆಯ ತುಂಬ ಕಾಯಿಲ್‌ಗಳು. ಮಿಕ್ಕ ಕರೆಂಟನ್ನು ಅವು ಕೆಂಪಗೆ ಕಾದು ಸುಡುತ್ತವೆ. ಏನೂ ಬೇಯುವುದಿಲ್ಲ, ಯಾರಿಗೂ ಬೆಳಕಾಗುವುದಿಲ್ಲ. ನಮ್ಮ ಸಾಲಿನ ಮನೆಗಳು ಕತ್ತಲಲ್ಲಿ ಕೂತಿರುವಾಗ, ಅಷ್ಟೂ ಮನೆಗೆ ಸಾಕಾಗುವ ಕರೆಂಟನ್ನು ಗೋಡೆಯ ಈಚೆ ನಾನು ನನ್ನ ಕೈಯಾರೆ ಸುಡುತ್ತೇನೆ. ಸಂಬಳ ಕೊಟ್ಟು ಸುಡಿಸುತ್ತಾರೆ.

ಅದರಲ್ಲಿ ಒಂದು ಎಳೆ ಅಕ್ಕನ ಮನೆಗೆ ಕೊಡಿ ಎಂದು ಕೇಳಿದೆವು. ಸಂಘ ಕೇಳಿತು, ನಾನು ಕೇಳಿದೆ, ಕೈಮುಗಿದು ಕೇಳಿದೆ, ಮೇಜು ಗುದ್ದಿ ಕೇಳಿದೆ. ಕರೆಂಟ್ ತಪ್ಪದೆಂಬ ಭರವಸೆಗೆ ಧಕ್ಕೆ ಆಗುತ್ತದೆ ಎಂಬ ಉತ್ತರ ಬಂತು. ಯಾರ ಭರವಸೆಗೆ? ನಮ್ಮ ಎಂಜಿನಿಯರ್ ಒಳ್ಳೆಯ ಮನುಷ್ಯ. ಮರೆಗೆ ಕರೆದು ಹೇಳಿದರು, "ಕರೆಂಟ್ ಮಿಗುತ್ತೆ ಅಂತ ನಂಗೂ ಗೊತ್ತು ಮಾರಾಯ. ಆದ್ರೆ ಕಾಯಿಲ್ ಯಾವತ್ತೂ ದೂರು ಕೊಡಲ್ಲ. ಒಂದು ಮನೆಗೆ ಕೊಟ್ರೆ ನಾಳೆ ಇಡೀ ಸಾಲು ಕೇಳುತ್ತೆ."

ಕೇಳುತ್ತದೆ ಸ್ವಾಮಿ! ಜನ ಅಂದರೆ ಕೇಳುವವರು. ಕೇಳದ ಕಬ್ಬಿಣಕ್ಕೆ ಹೊಟ್ಟೆತುಂಬ, ಕೇಳುವ ಬಾಯಿಗೆ ಬೀಗ. ಅಕ್ಕನ ಎದೆಯ ಎಕ್ಸ್‌ರೇ ನಮ್ಮ ಸರ್ವರ್ ಕೋಣೆಯಲ್ಲೇ ಇದೆ. ಆ ಚಿತ್ರಕ್ಕೆ ಒಂದು ಕ್ಷಣವೂ ಕರೆಂಟ್ ತಪ್ಪಲಿಲ್ಲ. ಅದಕ್ಕೇ ಈ ಪ್ರಶಸ್ತಿ. ತಪ್ಪಿದ್ದು ಎದೆಗೆ.

ಮುಗಿಸುತ್ತೇನೆ, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ.

ಇವತ್ತು ಬೆಳಿಗ್ಗೆ, ನೀವೆಲ್ಲ ಈ ಸಭಾಂಗಣಕ್ಕೆ ಹೂಕುಂಡ ಹೊರುತ್ತಿದ್ದಾಗ, ಪೆಟ್ಟಿಗೆಯ ಒಂದು ಸಾಲು ಕಾಯಿಲ್ ಕಳಚಿ, ಆ ಜಾಗದಿಂದ ಗೋಡೆಯಾಚೆಗೆ ಕೇಬಲ್ ಎಳೆದಿದ್ದೇವೆ. ಎಳೆದವನು ನಾನು. ಜೊತೆಗೆ ಯಾರಿದ್ದರೆಂದು ಕೇಳಬೇಡಿ, ನನಗೆ ಮರೆವು. ಸರ್ವರ್‌ಗೆ ಜಾಸ್ತಿ ಬೇಕಾದರೆ ಮೊದಲು ನಮ್ಮ ಲೈನೇ ಕಡಿತವಾಗುವ ಹಾಗೆ ಸ್ವಿಚ್ ಹಾಕಿದ್ದೇನೆ. ಅಲ್ಲೂ ನಾವೇ ಕೊನೆಯವರು, ನೋಡಿ. ಮಧ್ಯಾಹ್ನ ಊಟದ ಹೊತ್ತಿಗೆ ಹೊರಗಿನ ಕರೆಂಟ್ ಹೋಯಿತು. ಯಾರಿಗಾದರೂ ತಿಳಿಯಿತೇ? ಜನರೇಟರ್ ಹಿಡಿಯಿತು. ಸರ್ವರ್ ಕಣ್ಣು ಮಿಟುಕಿಸಲಿಲ್ಲ. ಅಕ್ಕನ ಯಂತ್ರ ನಾಲ್ಕು ಉಸಿರಿನಷ್ಟು ಹೊತ್ತು ನಿಂತು, ತಾನೇ ಮತ್ತೆ ಶುರುವಾಯಿತು. ಮೊದಲ ಬಾರಿಗೆ ನಾನು ಓಡದೆ ನಡೆದುಕೊಂಡು ಬಂದೆ.

ಇದು ಕಳ್ಳತನವೇ? ಕಳ್ಳ ಮೈಕಿನಲ್ಲಿ ಹೇಳುವುದಿಲ್ಲ. ನನ್ನನ್ನು ಕೆಲಸದಿಂದ ತೆಗೆಯುವುದಾದರೆ ತೆಗೆಯಿರಿ. ನನ್ನ ಜಾಗಕ್ಕೆ ಬರುವವನಿಗೆ ಓಡುವ ಕಾಲು ಗಟ್ಟಿ ಇರಲಿ. ಕೇಬಲ್ ಕಡಿಯಲೇಬೇಕೆಂದಿದ್ದರೆ ಗೋಡೆಯ ಈಚೆಯಿಂದ ಕಡಿಯಬೇಡಿ. ಆಚೆ ಬನ್ನಿ. ಕೊನೆಯ ಮನೆ. ಹಾಸಿಗೆ ಪಕ್ಕದಲ್ಲಿ ನಿಂತು, ಅವಳ ಮುಖ ನೋಡಿ, ಯಾಕೆಂದು ಹೇಳಿ ಕಡಿಯಿರಿ. ಈ ಹೊತ್ತಿಗೆ ಅವಳು ಮಲಗಿರುತ್ತಾಳೆ. ಬಾಗಿಲು ಮೆಲ್ಲಗೆ ತಟ್ಟಿ.

ಇಷ್ಟು ಹೊತ್ತು ತಾಳಿಕೊಂಡ ನಿಮಗೆಲ್ಲ ಋಣಿ. ನಮಸ್ಕಾರ.