ಹರಳು ಹಿಂಡಿಯ ಮಡಕೆ

ತೆಂಗಿನ ವಿಷಯ ನನಗೆ ಗೊತ್ತಿರುವಷ್ಟು ತೆಂಗಿನ ಮರಕ್ಕೂ ಗೊತ್ತಿಲ್ಲ. ಆದರೂ ಕಿಬ್ಬನಹಳ್ಳಿ ಬಸ್‌ಸ್ಟಾಪಿನಲ್ಲಿ ತಿಮ್ಮರಾಜು ತನ್ನ ಅಣ್ಣನ ಮಗಳು ಧನ್ಯಶ್ರೀಗೆ ಹೇಳುತ್ತಿದ್ದುದಕ್ಕೆ ಕಿವಿಗೊಟ್ಟೆ.

“ಸುಳಿ ಕೊರೆಯೋ ದುಂಬಿ ಹತ್ತು ಸಸಿ ತಿಂದಾಕ್ತು ಕಣವ್ವ. ಸಾಲ್ದು ಅಂತ, ಗೊಬ್ಬರಕ್ಕೆ ಹರಳು ಹಿಂಡಿ ನೆನೆಹಾಕಿದ್ನಲ್ಲ, ಆ ಮಡಕೆಗೂ ಬಿದ್ದು ಸತ್ತಿದ್ವು!”

“ಎಷ್ಟು ಚಿಕ್ಕಪ್ಪ?”

“ಬೊಗಸೆ ತುಂಬ. ಗೊಬ್ಬರ ಕೆಡ್ತದೆ ಅಂತ ಮುಚ್ಚಳ ಹಾಕ್ದೆ.”

“ಅಯ್ಯೋ! ಆ ವಾಸನೆಗೇ ಅವು ಬಂದು ಬೀಳೋದು. ತಾನಾಗೇ ಸಿಕ್ಕಿದ ಮದ್ದು ಮುಚ್ಚಿಟ್ಟಿದ್ದೀಯಲ್ಲ!”

“ಹುಳದ ಬುದ್ಧಿ ತಿಳ್ಕೊಳಕ್ಕೆ ನಾನೇನು ಹುಳ್ವಾ? ತೆಂಗು ಬೆಳೆಯೋನು!”

“ಉಳಿದ ಸಸಿ ಬೇಕಾದ್ರೆ ಇವತ್ತೇ ಮುಚ್ಚಳ ತೆಗಿ.”

ನಾನು ಕಿಸಕ್ಕೆಂದೆ. ಬಸ್ಸು ಹತ್ತುತ್ತಿದ್ದ ಧನ್ಯಶ್ರೀ ತಿರುಗಿದಳು.

“ನಗ್ತೀರಲ್ಲ, ನೀವಾಗಿದ್ರೆ ಏನ್ ಮಾಡ್ತಿದ್ರಿ?”

ಸುಳ್ಳು ಬಾಯಿಗೆ ಬರಲಿಲ್ಲ.

“ನಮ್ಮಲ್ಲೂ ಬಿದ್ದಿದ್ವು ಕಣಮ್ಮ. ನಾನು ಮಡಕೇನೇ ಒಡೆದಾಕ್ದೆ.”