ಹಲಸಿನ ಹಲಗೆಯ ಗಿಳಿ

ಅಲ್ಲ ಅಲ್ಲ ಅಲ್ಲ, ಬೆರಳು ಹೋಗಿದ್ದು ಯುದ್ಧದಲ್ಲಲ್ಲ ಮಾರಾಯ, ಯಾರು ಹೇಳಿದ್ದು ನಿಂಗೆ, ನಿಮ್ಮಪ್ಪನಾ? ಅವ್ನು ಸ್ಕೂಲಿಗೆ ಹೋಗೋವಾಗ್ಲೂ ಹಂಗೇ ಹೇಳ್ಕೊಂಡು ತಿರುಗ್ತಿದ್ದ, ನಮ್ಮಪ್ಪ ಮಿಲಿಟ್ರಿ ಅಂತ! ಯುದ್ಧ ಆದ ವರ್ಷ ಹೌದು, ಅದು ನಿಜ, ಆದ್ರೆ ಯುದ್ಧ ಎಲ್ಲೋ, ನಾನು ಎಲ್ಲೋ, ನಾನಿದ್ದಿದ್ದು ಭದ್ರಾವತಿ ನ್ಯೂ ಟೌನಲ್ಲಿ, ಕಾರ್ಖಾನೆ ಕ್ವಾರ್ಟರ್ಸಲ್ಲಿ. ಮರ ಕೊಯ್ಯೋ ಮಿಷನ್ನಿಗೆ ಸಿಕ್ಕಿದ್ದು. ನೋಡಿ, ಮುಟ್ಟಿ ನೋಡಿ, ಹೆದರ್ಕೋಬೇಡಿ, ನೋಯಲ್ಲ ಈಗ. ಬಲಗೈದು ಮೂರು ಬೆರಳು. ಹೆಬ್ಬೆರಳು ಉಳೀತು, ಕಿರುಬೆರಳು ಉಳೀತು. ತಪ್ಪು ಯಾರ್ದೂ ಅಲ್ಲ, ನಂದೇ. ಹೊಸದಾಗಿ ಮದುವೆ ಆಗಿತ್ತು, ನಿಮ್ಮಜ್ಜಿನ ಸಿನಿಮಾಕ್ಕೆ ಕರ್ಕೊಂಡು ಹೋಗ್ಬೇಕು ಅಂತ ಆತುರ, ಹಲಗೆ ನೋಡೋ ಬದ್ಲು ಗಡಿಯಾರ ನೋಡ್ದೆ, ಅಷ್ಟೇ... ಕೇಳಿಸ್ತಾ? ಒಳಗಿಂದ ಕೂಗ್ತಿದಾಳೆ, 'ಸಿನಿಮಾ ಕೇಳ್ದೋಳು ನಾನಲ್ಲ, ನನ್ನ ಮೇಲೆ ಹಾಕ್ಬೇಡಿ' ಅಂತ! ಆಯ್ತು ಮಾರಾಯ್ತಿ, ನೀನಲ್ಲ, ನಾನೇ, ನಂಗೇ ಸಿನಿಮಾ ಹುಚ್ಚು.

ಎಲ್ಲಿದ್ದೆ? ಹಾಂ, ಕೆಲಸ. ನನ್ ಕೆಲಸ ಏನು ಅಂತ ಮೊದ್ಲು ಹೇಳ್ಬಿಡ್ತೀನಿ, ಇಲ್ದಿದ್ರೆ ಮುಂದಿಂದು ತಿಳಿಯಲ್ಲ ನಿಮ್ಗೆ. ಈಗ ಕಬ್ಬಿಣದ ಒಂದು ಚಕ್ರ ಮಾಡ್ಬೇಕು ಅಂತಿಟ್ಕೊಳ್ಳಿ. ಕಬ್ಬಿಣ ಕರಗಿಸಿ ಹುಯ್ಯೋಕೆ ಅದೇ ಆಕಾರದ ಗುಂಡಿ ಬೇಕಲ್ಲ? ಅದಕ್ಕೆ ಮೊದ್ಲು ಮರದಲ್ಲಿ ಒಂದು ಚಕ್ರ ಮಾಡೋದು. ಆ ಮರದ ಚಕ್ರನ ಮರಳಲ್ಲಿ ಹುಗಿದು, ಮರಳನ್ನ ಗಟ್ಟಿಯಾಗಿ ಕುಟ್ಟಿ, ಆಮೇಲೆ ಚಕ್ರನ ಮೆತ್ತಗೆ ಮೇಲಕ್ಕೆತ್ತೋದು. ಮರಳಲ್ಲಿ ಗುಂಡಿ ಉಳಿಯುತ್ತೆ, ಅದಕ್ಕೆ ಕಬ್ಬಿಣ ಹುಯ್ಯೋದು. ಆ ಮರದ್ದು ಮಾಡ್ತಿದ್ನಲ್ಲ, ಅದು ನಾನು! ಅದ್ರಲ್ಲೊಂದು ಗುಟ್ಟಿದೆ, ಪಕ್ಕಗಳು ಒಂಚೂರು ಇಳಿಜಾರಾಗಿ ಇರ್ಬೇಕು, ಹುಗಿಯೋ ಕಡೆ ಸಣ್ಣ, ಎತ್ತೋ ಕಡೆ ದಪ್ಪ, ನೆಟ್ಟಗೆ ಕೆತ್ತಿದ್ರೆ ಎತ್ತೋವಾಗ ಮರಳು ಕಿತ್ತು ಬರುತ್ತೆ. ಎಂಟು ವರ್ಷ ಅದೇ ಕೆಲಸ. ನಿದ್ದೆಗಣ್ಣಲ್ಲಿ ಒಂದು ಕಡ್ಡಿ ಕೊಟ್ರೂ ಇಳಿಜಾರಾಗೇ ಕೆತ್ತುತ್ತಿತ್ತು ನನ್ ಕೈ.

ಆ ಕೈ ಹೋಯ್ತು. ಶಿವಮೊಗ್ಗದ ದೊಡ್ಡಾಸ್ಪತ್ರೇಲಿ ಒಂದೂವರೆ ತಿಂಗಳು ಮಲಗಿದ್ದೆ, ನಿಮ್ಮಜ್ಜಿ ತವರು ಅದೇ ಊರಿನ ವಿದ್ಯಾನಗರ ನೋಡಿ, ಅಲ್ಲಿಂದ ದಿನಾ ಗಂಜಿ ಹೊತ್ಕೊಂಡು ಬರ್ತಿದ್ಲು, ನಡ್ಕೊಂಡು, ಆ ಮಳೇಲಿ. ವಾಪಸ್ ಬಂದ್ಮೇಲೆ ಕಾರ್ಖಾನೇಲಿ ಕೆಲ್ಸದಿಂದ ತೆಗೀಲಿಲ್ಲ, ಪುಣ್ಯಾತ್ಮರು, ಗೇಟಲ್ಲಿ ಟೋಕನ್ ಕೊಡೋಕೆ ಕೂರಿಸಿದ್ರು. ಈಗ ನೆನೆಸ್ಕೊಂಡ್ರೆ ಕೈ ಮುಗೀಬೇಕು ಅನ್ಸುತ್ತೆ, ಆದ್ರೆ ಆಗ? ಆಗ ನಂಗೆ ಉರಿ! ನನ್ ಜೊತೆಯವ್ರೇ ಉಳಿ ಸುತ್ತಿಗೆ ಹಿಡ್ಕೊಂಡು ಒಳಗೆ ಹೋಗ್ತಿದ್ರು, ನಾನು ಎಡಗೈಲಿ ಬಿಲ್ಲೆ ಕೊಡ್ಬೇಕು, ಬಲಗೈ ಟವೆಲ್ಲಲ್ಲಿ ಸುತ್ಕೊಂಡು. ಮಾತು ಬಿಟ್ಟೆ. ನಿಜವಾಗ್ಲೂ, ನಾನು! ನಗ್ಬೇಡಿ, ಈಗ ಬಾಯಿ ಮುಚ್ಚಲ್ಲ ಅಂತೀರಲ್ಲ, ಆಗ ನಾಲ್ಕು ತಿಂಗಳು 'ಹೂಂ', 'ಊಹೂಂ', ಎರಡೇ ಮಾತು. ಊಟದ ತಟ್ಟೆ ಮುಂದೆ ಇಟ್ರೆ ಗೋಡೆ ನೋಡೋದು. ಒಂದಿನ ಮೂರನೇ ಮಾತೊಂದು ಆಡ್ದೆ, ಅದೂ ಎಂಥಾ ಮಾತು! ನಿಮ್ಮಜ್ಜಿಗೆ ಹೇಳ್ದೆ, 'ನೀನು ನಿಮ್ಮಪ್ಪನ ಮನೇಗೆ ಹೋಗ್ಬಿಡು. ಈ ಮೊಂಡುಗೈಯವನ ಜೊತೆ ಇದ್ದೇನು ಮಾಡ್ತೀಯ.' ಅವ್ಳು ಅಳ್ಲಿಲ್ಲ, ಜಗಳ ಆಡ್ಲಿಲ್ಲ. ಪಾತ್ರೆ ತೊಳೀತಿದ್ದೋಳು ತಲೆ ಎತ್ತದೆ ಅಂದ್ಲು, 'ಸಂಕ್ರಾಂತಿ ಆಗ್ಲಿ. ಅಣ್ಣಂಗೆ ಕಾಗದ ಬರೀತೀನಿ, ಬಂದು ಕರ್ಕೊಂಡು ಹೋಗ್ತಾನೆ.' ಬರೆದೂ ಬಿಟ್ಲು! ನಾನು ನೋಡ್ತಾ ಕೂತಿದ್ದೆ. ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ. ಸಂಕ್ರಾಂತಿಗೆ ಇನ್ನೊಂದು ತಿಂಗಳಿತ್ತು ಅಷ್ಟೇ.

ಈಗ ಕಮಲಮ್ಮನೋರು ಬರ್ತಾರೆ. ಎದುರು ಲೈನಲ್ಲಿ ಇದ್ದಿದ್ದು, ಮೇಷ್ಟ್ರ ಹೆಂಡ್ತಿ, ಇಡೀ ಲೈನಿಗೆ ಕೇಳೋ ಅಂಥ ಗಂಟಲು. ಅವ್ರ ಮನೇಲಿ ಪ್ರತಿ ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡ್ತಿದ್ರು, ಎಳ್ಳು ಬೆಲ್ಲದ ಜೊತೆ ಬೀರ್ತಾರಲ್ಲ, ಬಿಳೀ ಗಿಳಿ, ಬಿಳೀ ಗೋಪುರ, ಅದೇ. ಎರಡು ಮರದ ಹಲಗೇಲಿ ಗಿಳಿ ಆಕಾರದ ಗುಂಡಿ ಅರ್ಧರ್ಧ ಕೊರೆದಿರ್ತಾರೆ, ಎರಡೂ ಜೋಡಿಸಿ ಸಕ್ಕರೆ ಪಾಕ ಹುಯ್ದು, ಗಟ್ಟಿ ಆದ್ಮೇಲೆ ಬಿಚ್ಚೋದು. ಆ ವರ್ಷ ಅವ್ರ ಅಚ್ಚಿಗೆ ಗೆದ್ದಲು ಹಿಡಿದು ಪುಡಿ ಆಗ್ಬಿಟ್ಟಿತ್ತು. ಒಂದು ಭಾನುವಾರ ಬಂದ್ರು, ಕಂಕುಳಲ್ಲಿ ಒಂದು ಹಲಸಿನ ಹಲಗೆ. 'ಏನಪ್ಪಾ, ಗೋಡೆ ನೋಡೋಕೆ ಸಂಬಳ ಕೊಡ್ತಾರಾ? ಒಂದು ಗಿಳಿ ಕೆತ್ಕೊಡು. ಒಂದು ಕಡೆ ಆದ್ರೆ ಸಾಕು, ಚಪ್ಪಟೆ ಬಂದ್ರೂ ಮಕ್ಕಳು ತಿಂತವೆ.' ನಾನು ಟವೆಲ್ ತೋರಿಸ್ದೆ. ಅವ್ರು, 'ಎಡಗೈಗೆ ಏನಾಗಿದೆ ರೋಗ?' ಅಂದ್ರು! ಅಂದು, ಹಲಗೆ ನನ್ ತೊಡೆ ಮೇಲೆ ಇಟ್ಟು, ತಿರುಗಿ ನೋಡ್ದೆ ಹೋದ್ರು.

ಎರಡು ದಿನ ಹಲಗೆ ಮೂಲೇಲಿತ್ತು. ಮೂರನೇ ದಿನ ಡ್ಯೂಟಿ ಮುಗಿಸಿ ಬಂದು ಹಿತ್ತಲಲ್ಲಿ ಕೂತು ಉಳಿ ತಗೊಂಡೆ, ಯಾಕೆ ಅಂತ ಕೇಳ್ಬೇಡಿ, ಹಲಸಿನ ಬಣ್ಣ ಗೊತ್ತಲ್ಲ, ಅರಿಶಿನದ ಹಾಗೆ, ಅದು ಕರೀತಿತ್ತು. ಎರಡೂ ಪಾದದಲ್ಲಿ ಹಲಗೆ ಒತ್ತಿ ಹಿಡಿಯೋದು, ಎಡಗೈಲಿ ಉಳಿ, ಬಲಗೈ ಅಂಗೈಯಿಂದ ಅದನ್ನ ತಳ್ಳೋದು. ಮೊದಲ್ನೇ ದಿನ ಉಳಿ ಜಾರಿ ಕಾಲಿಗೆ ಬಿತ್ತು. ಎರಡನೇ ದಿನ ಗಿಳಿ ಅನ್ನೋದು ಬದನೆಕಾಯಿ ಥರ ಇತ್ತು. ಆದ್ರೆ ಒಂದಿನ, ಕೇಳಿ ಇದು, ಒಂದಿನ ಕಣ್ಣು ಕೆತ್ತುತ್ತಾ ಕೂತಿದ್ದೆ, ರಾಗಿ ಕಾಳಿನಷ್ಟು ಕಣ್ಣು, ಉಸಿರು ಬಿಟ್ರೆ ಎಗರಿಹೋಗುತ್ತೆ, ಕೆತ್ತಿ ಮುಗಿಸಿ ತಲೆ ಎತ್ತಿದ್ರೆ ಕಾರ್ಖಾನೆ ಸೈರನ್ನು ಆಗೋಗಿದೆ, ಹಕ್ಕಿಗಳೆಲ್ಲ ಗೂಡಿಗೆ ಹೋಗಿವೆ, ಅಷ್ಟೂ ಹೊತ್ತು ನಂಗೆ ನನ್ ಕೈ ನೆನಪೇ ಬಂದಿಲ್ಲ! ಒಂದ್ ಸಲಾನೂ! ನಾಲ್ಕು ತಿಂಗಳಲ್ಲಿ ಮೊದಲ್ನೇ ಸಲ. ಅವತ್ತು ಎರಡು ಮುದ್ದೆ ತಿಂದೆ. ನಿಮ್ಮಜ್ಜಿ ನೋಡಿದ್ಲು, ಮೂರನೇದು ಹಾಕಿದ್ಲು. ಆದ್ರೆ ಹಲಗೆ ಮಾತ್ರ ಯಾರಿಗೂ ತೋರಿಸ್ಲಿಲ್ಲ ನಾನು, ಅವ್ಳಿಗೂ. ಕೆತ್ತೋದು, ಬಟ್ಟೆ ಸುತ್ತಿ ಇಡೋದು.

ಸಂಕ್ರಾಂತಿ ಹಿಂದಿನ ದಿನ. ಸಕ್ಕರೆ ಆಗ ರೇಷನ್ನಲ್ಲಿ ಸಿಗ್ತಿದ್ದಿದ್ದು, ಒಂದು ಮನೇದು ಸಾಲ್ತಿರ್ಲಿಲ್ಲ, ಅದಕ್ಕೆ ಆರು ಮನೆಯವ್ರು ತಿಂಗಳಿಂದ ಕಾಫಿಗೆ ಬೆಲ್ಲ ಹಾಕ್ಕೊಂಡು ಕುಡಿದು, ಸಕ್ಕರೆ ಎತ್ತಿಟ್ಟು, ಎಲ್ಲಾ ತಂದು ಕಮಲಮ್ಮನೋರಿಗೆ ಕೊಟ್ಟಿದ್ರು. ಆರು ಮನೆ ಮಕ್ಕಳ ಹಬ್ಬ ಅದು! ಕಮಲಮ್ಮನೋರು ಪಾಕ ಒಲೆ ಮೇಲಿಟ್ಟಾಯ್ತು, ಹೆಂಗಸ್ರು ಸುತ್ತ ನಿಂತಿದಾರೆ, ಮಕ್ಕಳು ಬಾಗ್ಲಲ್ಲಿ. ನಾನು ಹೋಗಿ ಬಟ್ಟೆ ಬಿಚ್ಚಿದೆ.

ಯಾರೂ ಮಾತಾಡ್ತಿಲ್ಲ. ನಂಗನ್ಸಿತು, ಓ, ಅಷ್ಟು ಚೆನ್ನಾಗಿದೆ ಅಂತ ಬಾಯಿ ಕಟ್ಟಿದೆ ಇವ್ರಿಗೆ! ಆಗ ಪಕ್ಕದ್ಮನೆ ಮುನಿಯಮ್ಮ, ತಮಿಳಿನೋರು, ಬಾಯಿ ಮೇಲೆ ಕೈ ಇಟ್ಕೊಂಡು, 'ಅಯ್ಯೋ ಸಾಮಿ, ಕಿಳಿ ಒಳಗ್ ಇರ್ಬೇಕು, ಇದು ಹೊರಗ್ ಬಂದ್ಬುಟ್ಟಿದೆ!' ಅಂದ್ರು. ನೋಡ್ತೀನಿ, ಹೌದು! ಗುಂಡಿ ಕೊರೀಬೇಕಿತ್ತು, ನಾನು ಗಿಳೀನೇ ಕೆತ್ತಿದೀನಿ! ಹಲಗೆ ಮೇಲೆ ಉಬ್ಬಿ ಕೂತಿದೆ, ರೆಕ್ಕೆ, ಕೊಕ್ಕು, ಕಣ್ಣು ಎಲ್ಲಾ. ಅಚ್ಚು ಹೆಂಗಿರುತ್ತೆ ಅಂತ ಗೊತ್ತಿರ್ಲಿಲ್ಲ ಅಂತಲ್ಲ, ಗೊತ್ತಿತ್ತು, ಆದ್ರೆ ಎಂಟು ವರ್ಷ ಉಬ್ಬಿದ್ದನ್ನೇ ಮಾಡಿದ ಬುದ್ಧಿ, ಕೈ ಬದಲಾದ್ರೂ ಬುದ್ಧಿ ಬದಲಾಗ್ಲಿಲ್ಲ. ಇದಕ್ಕೆಲ್ಲಿ ಪಾಕ ಹುಯ್ಯೋದು? ನೆಲಕ್ಕೆ ಹುಯ್ದ ಹಾಗೆ! ಕಮಲಮ್ಮನೋರು, 'ಪಾಕ ಬಂತಲ್ಲೋ, ಈಗ ಗಟ್ಟಿ ಆಗ್ಬಿಡುತ್ತೆ, ಆರು ಮನೆ ಸಕ್ಕರೆ!' ಅಂತ ಕೂಗ್ತಿದಾರೆ. ನಿಮ್ಮಜ್ಜಿ ಮುಖ ನೋಡ್ದೆ. ಅವ್ಳು ನನ್ನ ನೋಡ್ತಿಲ್ಲ, ಗಿಳೀನ ನೋಡ್ತಿದಾಳೆ. ಬಗ್ಗಿ, ಅದರ ಕಣ್ಣು ಮುಟ್ಟಿ, ಮೆಲ್ಲಗೆ ಅಂದ್ಲು, 'ಎಷ್ಟು ಚೆನ್ನಾಗಿದೆ ರೀ.'

ಅಷ್ಟೇ ಸಾಕಾಯ್ತು ನೋಡಿ ನಂಗೆ. ಎಲ್ಲಿಂದ ಬಂತೋ ಗಂಟಲು, ಕಿರಿಚ್ದೆ, 'ಅಕ್ಕಿ ಹಿಟ್ಟು ತನ್ನಿ! ಇರೋ ಅಷ್ಟೂ ತನ್ನಿ! ದೊಡ್ಡ ಪರಾತ ತನ್ನಿ! ಪಾಕ ಕೆಳಗಿಳಿಸ್ಬೇಡಿ!' ಎಲ್ರೂ ಬೆಚ್ಚಿಬಿದ್ರು, ನಾನು ಮಾತಾಡಿದ್ದೇ ಅವ್ರಿಗೆ ಗಾಬರಿ! ಮರಳಿನ ಬದ್ಲು ಹಿಟ್ಟು, ಕಬ್ಬಿಣದ ಬದ್ಲು ಪಾಕ, ಅಷ್ಟೇ ತಾನೆ? ಪರಾತದ ತುಂಬ ಹಿಟ್ಟು ಸುರಿದು ಕುಟ್ಟಿದೆ, ಟವೆಲ್ ಎಲ್ಲಿ ಬಿತ್ತೋ, ಎರಡೂ ಕೈಲಿ ಕುಟ್ಟಿದೆ, ಮೊಂಡುಗೈ ಎಷ್ಟು ಚೆನ್ನಾಗಿ ಕುಟ್ಟುತ್ತೆ ಗೊತ್ತಾ, ಒನಕೆ ಥರ! ಹಲಗೆ ಮಗುಚಿ ಗಿಳೀನ ಹಿಟ್ಟಿಗೆ ಒತ್ತಿದೆ. ಹಿಂದುಗಡೆ ಎರಡು ಪೆಟ್ಟು ಮೆಲ್ಲಗೆ, ಟಕ್ ಟಕ್. ಉಸಿರು ಬಿಗಿ ಹಿಡಿದು ಎತ್ತಿದೆ. ಒಂದು ಕಣ ಹಿಟ್ಟು ಕಿತ್ತು ಬರ್ಲಿಲ್ಲ! ಇಳಿಜಾರಾಗೇ ಕೆತ್ತಿತ್ತಲ್ಲ ಕೈ, ನಂಗೆ ಗೊತ್ತಿಲ್ದೇನೇ, ಎಡಗೈ! ಹಿಟ್ಟಲ್ಲಿ ಗಿಳಿ ಮಲಗಿದ ಹಾಗೆ ಗುಂಡಿ. ಕಮಲಮ್ಮನೋರು ಸೌಟಲ್ಲಿ ಹುಯ್ದ್ರು, ರಭಸ ಜಾಸ್ತಿ ಆಗಿ ಮೊದಲ್ನೇದರ ಕೊಕ್ಕು ಕೊಚ್ಚಿ ಹೋಯ್ತು, ಮುನಿಯಮ್ಮನ ಮಗಳು ಅದನ್ನ ಬಿಸಿಬಿಸಿ ಬಾಯಿಗೆ ಹಾಕ್ಕೊಂಡು ಬಾಯಿ ಸುಟ್ಕೊಂಡ್ಲು. ಎರಡನೇದು ಚಮಚದಲ್ಲಿ, ನಿಧಾನ. ಗಟ್ಟಿ ಆಯ್ತು. ಎತ್ತಿ ಬಟ್ಟೇಲಿ ಒರೆಸಿದ್ರೆ, ಅಬ್ಬಬ್ಬಾ, ಬಿಳೀ ಗಿಳಿ, ಹಿಟ್ಟಿನ ತರಿ ತರಿ ಮೈಮೇಲೆ, ಥೇಟ್ ಪುಕ್ಕ! ಮರದ ಅಚ್ಚಲ್ಲಿ ಹಂಗೆ ಬರೋದೇ ಇಲ್ಲ! ಎಷ್ಟು ಗಿಳಿ ಹುಯ್ದ್ವೋ ಲೆಕ್ಕ ಇಲ್ಲ, ಪಾಕ ಮುಗಿಯೋವರ್ಗೂ. ಆ ಸಿಹಿ ಹಿಟ್ಟನ್ನೂ ಬಿಡ್ಲಿಲ್ಲ, ರೊಟ್ಟಿ ತಟ್ಟಿ ಆರು ಮನೆಗೂ ಹಂಚಿದ್ರು. ಕಮಲಮ್ಮನೋರು ಅವತ್ತು ಬೈದಿದ್ರೆ? 'ಕೆಟ್ಟ ಕೆಲಸ' ಅಂದಿದ್ರೆ? ಅವ್ರು ಅಂದಿದ್ದು, 'ಮುಂದಿನ ವರ್ಷ ನವಿಲು ಕೆತ್ತೋ, ಹೀಗೇ ಉಲ್ಟಾ.' ಈಗಲೂ ಆಯಮ್ಮನ್ನ ನೆನೆಸ್ದೆ ನಾನು ಉಳಿ ಹಿಡಿಯಲ್ಲ.

ಹಬ್ಬದ ದಿನ ಹತ್ತು ಗಂಟೆ ಟ್ರೈನಿಗೆ ಇವ್ಳ ಅಣ್ಣ ಬಂದ, ಶಿವಮೊಗ್ಗದಿಂದ. ಜಗಲಿ ಮೇಲೆ ಕೂತು, 'ಏನ್ ಭಾವ, ಹುಷಾರಾ' ಅಂದ, ನನ್ ಮುಖ ನೋಡೋಕೆ ಅವ್ನಿಗೆ ಸಂಕೋಚ. ಇವ್ಳು ಟ್ರಂಕು ತಂದು ಬಾಗ್ಲಲ್ಲಿ ಇಟ್ಲು. ಸೀರೆ ಉಟ್ಟು ರೆಡಿ. ಹಿಂದಿನ ದಿನ ಅಷ್ಟು ಕಿರಿಚಿದ ಬಾಯಿ ಈಗ ಒಣಗಿ ಕೂತಿದೆ! ಅವ್ಳು ಅಣ್ಣನಿಗೆ ಕಾಫಿ ಕೊಟ್ಲು, ಲೋಟ ವಾಪಸ್ ತಗೊಂಡ್ಲು, ಟ್ರಂಕಿನ ಹಿಡಿಗೆ ಕೈ ಹಾಕಿದ್ಲು, ಆಗ ಬಂತು, 'ಹೋಗ್ಬೇಡ ಮಾರಾಯ್ತಿ. ನಾನು ಅಂದಿದ್ದು ತಪ್ಪು.' ಅಣ್ಣನ ಮುಂದೆನೇ! ಅವ್ಳು ತಿರುಗಿ, ಏನಂದ್ಲು ಗೊತ್ತಾ, 'ಇದನ್ನ ಹೇಳೋಕೆ ಒಂದು ತಿಂಗಳು ಬೇಕಾಯ್ತಾ? ಟ್ರಂಕು ಖಾಲಿ ಇದೆ, ಎತ್ತಿ ನೋಡಿ.' ಎತ್ತಿದೆ, ಖಾಲಿ! ಅಣ್ಣ ಎರಡು ಗಿಳಿ ಕಟ್ಟಿಸ್ಕೊಂಡು ಸಂಜೆ ಟ್ರೈನಿಗೆ ಒಬ್ನೇ ಹೋದ.

ಅದಕ್ಕೇ ಹೇಳೋದು ಮಕ್ಕಳಾ, ದುಃಖ ಬಂದಾಗ ಕೈ ಕಟ್ಕೊಂಡು ಕೂರ್ಬೇಡಿ, ಕೈಗೆ ಏನಾದ್ರೂ ಒಂದು ಕೊಡಿ, ಚಿತ್ರನೋ ರಂಗೋಲಿನೋ. ಉಲ್ಟಾ ಬಂದ್ರೆ ಬರ್ಲಿ, ಉಲ್ಟಾ ಬಂದಿದ್ದಕ್ಕೂ ಒಂದು ದಾರಿ ಇರುತ್ತೆ.